ಡೆಲವೇರ್‌ನ ಮೂರು ಕೌಂಟಿ: ಜನ ನಿಜವಾಗ್ಲೂ ಸಸೆಕ್ಸ್ ಕಡೆ ಹೋಗ್ತಿದಾರಾ?

ನ್ಯೂಆರ್ಕ್ ವಾಸಿ
ಎಲ್ರಿಗೂ ನಮಸ್ಕಾರ. ಡೆಲವೇರ್ ಅಮೆರಿಕದ ಸಣ್ಣ ರಾಜ್ಯ, ಮೂರೇ ಕೌಂಟಿ (ನಮ್ಮ ಜಿಲ್ಲೆ ಥರ): ಉತ್ತರಕ್ಕೆ ನಮ್ಮ ನ್ಯೂ ಕ್ಯಾಸಲ್, ನಡುವೆ ಕೆಂಟ್, ದಕ್ಷಿಣಕ್ಕೆ ಸಸೆಕ್ಸ್. ವಿಲ್ಮಿಂಗ್ಟನ್‌ನ ಒಂದು ಬ್ಯಾಂಕಲ್ಲಿ ಕೆಲಸ, ಮನೆ ನ್ಯೂಆರ್ಕ್‌ನಲ್ಲಿ. ಆಫೀಸಲ್ಲಿ ಊಟಕ್ಕೆ ಕೂತ್ರೆ ಒಂದೇ ಮಾತು: "ಎಲ್ಲರೂ ಸಸೆಕ್ಸ್‌ಗೆ ಹೋಗ್ತಿದಾರೆ, ಇಲ್ಲಿ ಇನ್ನೇನೂ ಬೆಳೆಯಲ್ಲ, ಇನ್ನು ಸ್ವಲ್ಪ ವರ್ಷಕ್ಕೆ ಸಸೆಕ್ಸೇ ದೊಡ್ಡ ಕೌಂಟಿ." ನಮ್ಮನೆಯವರೂ ಅದನ್ನೇ ಹಿಡಿದುಕೊಂಡು ಸಸೆಕ್ಸ್‌ನ ಕಡಲ ಕಡೆಯ ಲೂಯಿಸ್ ಊರಿನ ಹತ್ತಿರ ಒಂದು ಮನೆ ತಗೊಂಡು ಬಾಡಿಗೆಗೆ ಬಿಡೋಣ ಅಂತಿದಾರೆ.

ಜನಗಣತಿ ಲೆಕ್ಕ ತೆಗೆದು ನೋಡಿದೆ. 2010ರಿಂದ 2020ಕ್ಕೆ:
ನ್ಯೂ ಕ್ಯಾಸಲ್ 5,38,479 ಇದ್ದದ್ದು 5,70,719. ಶೇ. 6.
ಕೆಂಟ್ 1,62,310 ಇದ್ದದ್ದು 1,81,851. ಶೇ. 12.
ಸಸೆಕ್ಸ್ 1,97,145 ಇದ್ದದ್ದು 2,37,378. ಶೇ. 20.4.
ರಾಜ್ಯ ಒಟ್ಟು 9,89,948.

6, 12, 20 ಅಂತ ನೋಡಿದ್ರೆ ಆಫೀಸಿನವರು ಹೇಳೋದು ಸರಿ ಅನ್ಸುತ್ತೆ. ಆದ್ರೆ ಶೇಕಡಾ ಅನ್ನೋದು ಸಣ್ಣ ಜಾಗಕ್ಕೆ ಯಾವಾಗ್ಲೂ ದೊಡ್ಡದಾಗಿ ಕಾಣುತ್ತಲ್ವಾ? ಸಸೆಕ್ಸ್ ನಿಜವಾಗ್ಲೂ ನಮ್ಮನ್ನ ದಾಟುತ್ತಾ? ಅಲ್ಲಿ ಇರೋರು, ಅಂಕಿ ಗೊತ್ತಿರೋರು ಹೇಳಿ.

ಅಂಕಿಮನೆ
ಒಳ್ಳೆ ಪ್ರಶ್ನೆ. ಒಂದೇ ದಶಕ ನೋಡಿದ್ರೆ ಏನೂ ಗೊತ್ತಾಗಲ್ಲ. 1990ರಿಂದ ನೋಡಿ. ಸಸೆಕ್ಸ್‌ಗೆ ಹೊಸದಾಗಿ ಸೇರಿದ ಜನ:
1990–2000: 43,409
2000–2010: 40,507
2010–2020: 40,233

ಮೂವತ್ತು ವರ್ಷದಿಂದ ದಶಕಕ್ಕೆ ನಲವತ್ತು ಸಾವಿರ ಚಿಲ್ಲರೆ. ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಶೇಕಡಾ ಲೆಕ್ಕದಲ್ಲಿ ಇಳಿದಿದೆ: 38, ಆಮೇಲೆ 26, ಆಮೇಲೆ 20.

ಈಗ ನ್ಯೂ ಕ್ಯಾಸಲ್‌ಗೆ ಸೇರಿದವರನ್ನ ನೋಡಿ:
1990–2000: 58,319
2000–2010: 38,214
2010–2020: 32,240

ಬದಲಾಗಿರೋದು ಇಲ್ಲಿ. ಸಸೆಕ್ಸ್ ಓಡ್ತಾ ಇಲ್ಲ, ಅದೇ ಹೆಜ್ಜೆಯಲ್ಲಿ ನಡೀತಾ ಇದೆ. ನ್ಯೂ ಕ್ಯಾಸಲ್ ನಿಧಾನ ಆಗಿದೆ. "ಎಲ್ಲರೂ ಸಸೆಕ್ಸ್‌ಗೆ ಹೋಗ್ತಿದಾರೆ" ಅನ್ನೋ ಬದಲು "ನ್ಯೂ ಕ್ಯಾಸಲ್‌ಗೆ ಮುಂಚಿನಷ್ಟು ಜನ ಬರ್ತಾ ಇಲ್ಲ" ಅಂತ ಕೇಳಬೇಕಾಗಿದೆ.

ಬೇರ್ ಭಟ್ರು
@ಅಂಕಿಮನೆ, ನಿಮ್ಮ ಲೆಕ್ಕ 2020ಕ್ಕೆ ನಿಂತುಹೋಯ್ತು. ಆಮೇಲೆ ಏನಾಯ್ತು ಅಂತ ಹೇಳಲೇ ಇಲ್ಲ. 2023ರ ಗಣತಿ ಇಲಾಖೆ ಅಂದಾಜಲ್ಲೇ ಸಸೆಕ್ಸ್ 2 ಲಕ್ಷ 60 ಸಾವಿರ ದಾಟಿದೆ. ಮೂರು ವರ್ಷಕ್ಕೆ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ. ಇದನ್ನ "ಅದೇ ಹೆಜ್ಜೆ" ಅಂತೀರಾ? ಕೋವಿಡ್ ಬಂದ ಮೇಲೆ ಮನೆಯಿಂದಲೇ ಕೆಲಸ ಶುರುವಾಯ್ತು, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದವರು ವಾರಾಂತ್ಯದ ಮನೆಯನ್ನೇ ಖಾಯಂ ಮನೆ ಮಾಡ್ಕೊಂಡ್ರು. ಹೆಜ್ಜೆ ಬದಲಾಗಿದೆ ಸರ್.

ಅಂಕಿಮನೆ
ಅಂದಾಜು ಬೇರೆ, ಎಣಿಕೆ ಬೇರೆ. ಅಂದಾಜನ್ನ ಪ್ರತಿ ವರ್ಷ ಹಿಂದಿನ ವರ್ಷಗಳಿಗೂ ಸೇರಿಸಿ ತಿದ್ದುತ್ತಾರೆ. ಕೋವಿಡ್ ಕಾಲದ ಎರಡು ಮೂರು ವರ್ಷ ಇಟ್ಕೊಂಡು ದಶಕದ ಕಥೆ ಹೇಳೋಕಾಗಲ್ಲ. 2030 ಬರಲಿ.

ಬೇರ್ ಭಟ್ರು
2030ರ ತನಕ ಶಾಲೆ ಕಟ್ಟೋರು, ರಸ್ತೆ ಮಾಡೋರು ಕಾಯೋಕಾಗುತ್ತಾ? ಅವರು ಅಂದಾಜನ್ನೇ ನಂಬಬೇಕು.

ಧಾರವಾಡದಾಕಿ
ನಾ ಸಸೆಕ್ಸ್‌ನ್ಯಾಗ ಇರಾಕಿ, ಆಸ್ಪತ್ರ್ಯಾಗ ಕೆಲಸ. ಅಂಕಿ ಜಗಳ ನೀವು ಮಾಡ್ರಿ, ನಾ ಕಣ್ಣಿಗೆ ಕಂಡದ್ದು ಹೇಳ್ತೀನಿ.

ಇಲ್ಲಿ ಬರೂ ಜನ ಯಾರು ಅನ್ನೂದು ಮುಖ್ಯ ಅದ. ಕೆಲಸ ಮುಗಿಸಿ ನಿವೃತ್ತಿ ಆದವರು ಬರ್ತಾರ. ಸಸೆಕ್ಸ್‌ನ ಮಧ್ಯಮ ವಯಸ್ಸು (ಅರ್ಧ ಮಂದಿ ಅದಕ್ಕಿಂತ ದೊಡ್ಡವರು, ಅರ್ಧ ಮಂದಿ ಸಣ್ಣವರು) 50 ದಾಟೇದ. ನಿಮ್ಮ ನ್ಯೂ ಕ್ಯಾಸಲ್‌ದು 40ರ ಆಸುಪಾಸು. ಇಲ್ಲಿ ವರ್ಷಕ್ಕ ಹುಟ್ಟೂ ಕೂಸುಗಳಿಗಿಂತ ತೀರಿಹೋಗೂ ಮಂದಿ ಹೆಚ್ಚು. ಹೊರಗಿಂದ ಬರೂದು ಒಂದು ವರ್ಷ ನಿಂತ್ರ ಸಸೆಕ್ಸ್ ಸಣ್ಣದಾಗ್ತದ. ಬೆಳವಣಿಗಿ ಅಷ್ಟೂ ವಲಸಿ ಮ್ಯಾಲೆ ನಿಂತದ.

ಇದರ ಅರ್ಥ ಏನಂದ್ರ, ನಲವತ್ತು ಸಾವಿರ ಮಂದಿ ಬಂದ್ರು ಅಂದ್ರ ನಲವತ್ತು ಸಾವಿರ ಹೃದಯ, ಮೊಣಕಾಲು, ಸಕ್ಕರಿ ಕಾಯಿಲಿ ಬಂದ್ವು ಅಂತ ತಿಳ್ಕೋರಿ. ನಮ್ಮ ಕಡೆ ಹೊಸ ಪೇಶಂಟ್ ತಗೊಳ್ಳೂ ಡಾಕ್ಟರ್ ಸಿಗೂದು ಭಾಳ ಕಷ್ಟ. ತಜ್ಞರ ಅಪಾಯಿಂಟ್‌ಮೆಂಟಿಗೆ ತಿಂಗಳಗಟ್ಟಲೆ ಕಾಯ್ತಾರ. ವಯಸ್ಸಾದವರು ಗಂಡ ಹೆಂಡ್ತಿ ಇಬ್ಬರ ಬರ್ತಾರ, ಹತ್ತು ವರ್ಷದಾಗ ಒಬ್ಬರು ಹೋಗ್ತಾರ, ಇನ್ನೊಬ್ಬರನ್ನ ಡಾಕ್ಟರ್ ಕಡೆ ಕರಕೊಂಡು ಹೋಗೂ ಮಕ್ಕಳು ಬೇರೆ ರಾಜ್ಯದಾಗ. ಜನಸಂಖ್ಯಾ ಅಂತ ಬರದಾಗ ಇದೂ ಬರಕೊಳ್ರಿ.

ನ್ಯೂಆರ್ಕ್ ವಾಸಿ
ಅಕ್ಕ, ಇದು ನನ್ನ ತಲೆಗೇ ಬಂದಿರಲಿಲ್ಲ. ಹುಟ್ಟಿಗಿಂತ ಸಾವು ಹೆಚ್ಚಿದ್ದೂ ಕೌಂಟಿ ಶೇ. 20 ಬೆಳೆದಿದೆ ಅಂದ್ರೆ ಬರ್ತಿರೋರ ಸಂಖ್ಯೆ ಇನ್ನೂ ದೊಡ್ಡದೇ ಇರಬೇಕು.

ಧಾರವಾಡದಾಕಿ
ಹೌದ್ರಿ. 40,233 ಅನ್ನೂದು ತೀರಿಹೋದವರನ್ನ ಕಳೆದ ಮ್ಯಾಲೆ ಉಳಿದ ಲೆಕ್ಕ.

ಡೋವರ್ ಗೌಡ
ಯಾರೂ ಕೆಂಟ್ ಬಗ್ಗೆ ಒಂದು ಮಾತಾಡಲಿಲ್ಲ. ಪ್ರತಿ ಸಲ ಇದೇ ಕಥೆ. ರಾಜಧಾನಿ ನಮ್ಮ ಡೋವರ್, ಆದ್ರೂ ಉತ್ತರದವರಿಗೆ ಕಡಲ ತೀರಕ್ಕೆ ಹೋಗೋ ದಾರಿಯಲ್ಲಿ ಸಿಗೋ ಊರು ಅಷ್ಟೇ.

1980ರ ಗಣತಿ ತೆಗೀರಿ. ಕೆಂಟ್ 98,219, ಸಸೆಕ್ಸ್ 98,004. ನಾವು 215 ಜನ ಮುಂದೆ ಇದ್ವಿ! 1970ರಲ್ಲೂ ನಾವೇ ಮುಂದೆ. ಅದಕ್ಕೂ ಮುಂಚೆ, 1950ರಿಂದ 1960ರ ನಡುವೆ ಕೆಂಟ್ 37,870ರಿಂದ 65,651ಕ್ಕೆ ಹೋಯ್ತು. ಶೇ. 73. ಇವತ್ತು ಸಸೆಕ್ಸ್‌ನ ಶೇ. 20 ನೋಡಿ ಬಾಯಿ ಬಿಡ್ತಿದೀರಲ್ಲ, ಅದರ ಮೂರೂವರೆ ಪಟ್ಟು. ಕಾರಣ ಡೋವರ್ ವಾಯುನೆಲೆ. ಅದರ ಜೊತೆಗೆ ಕಾರ್ಖಾನೆಗಳು. ಚಂದ್ರನ ಮೇಲೆ ಇಳಿದ ಅಪೊಲೋ ಗಗನಯಾತ್ರಿಗಳ ಉಡುಪು ತಯಾರಾದದ್ದು ನಮ್ಮ ಕೆಂಟ್‌ನಲ್ಲಿ, ಇದು ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು: 2000–2010ರಲ್ಲಿ ಮೂರೂ ಕೌಂಟಿಗಳಲ್ಲಿ ಅತಿ ಹೆಚ್ಚು ಶೇಕಡಾ ಬೆಳೆದದ್ದು ಕೆಂಟ್. ಶೇ. 28. ಸಸೆಕ್ಸ್ ಶೇ. 26. ಆಗ ಯಾರೂ "ಎಲ್ಲರೂ ಕೆಂಟ್‌ಗೆ ಹೋಗ್ತಿದಾರೆ" ಅನ್ನಲಿಲ್ಲ.

ಕಾಲುವೆ ಆಚೆ
ಗೌಡ್ರೆ, ಸಮಾಧಾನ. 2000ದ ಸಮಯದ ಕೆಂಟ್ ಏರಿಕೆಗೂ ಮಿಡಲ್‌ಟೌನ್ ಏರಿಕೆಗೂ ಕಾರಣ ಒಂದೇ: ರೂಟ್ 1 ಹೆದ್ದಾರಿ. ಚೆಸಪೀಕ್–ಡೆಲವೇರ್ ಕಾಲುವೆ ಮೇಲಿನ ದೊಡ್ಡ ಸೇತುವೆ 1995ರಲ್ಲಿ ಆಯ್ತು, ಡೋವರ್ ತನಕ ಟೋಲ್ ರಸ್ತೆ ಪೂರ್ತಿ ಆದದ್ದು 2003ರಲ್ಲಿ. ಕೆಂಟ್‌ನ ಸ್ಮರ್ನಾದಲ್ಲಿ ಮನೆ, ವಿಲ್ಮಿಂಗ್ಟನ್‌ನಲ್ಲಿ ಕೆಲಸ ಅನ್ನೋದು ಆಮೇಲೆ ಸಾಧ್ಯ ಆಯ್ತು.

ನನ್ನ ತಕರಾರು ಬೇರೆ. ನೀವೆಲ್ಲ ಕೌಂಟಿ ಗಡಿ ಇಟ್ಕೊಂಡು ಮಾತಾಡ್ತಿದೀರಿ. ಈ ರಾಜ್ಯದ ನಿಜವಾದ ಗಡಿ ಚೆಸಪೀಕ್–ಡೆಲವೇರ್ ಕಾಲುವೆ. ಇಲ್ಲಿ ಹುಟ್ಟಿ ಬೆಳೆದ ಯಾರನ್ನಾದ್ರೂ ಕೇಳಿ, "ಕಾಲುವೆ ಮೇಲೆ, ಕಾಲುವೆ ಕೆಳಗೆ" ಅಂತಲೇ ಹೇಳ್ತಾರೆ, ಅಂದ್ರೆ ಕಾಲುವೆಯ ಉತ್ತರ, ದಕ್ಷಿಣ. ನಾನಿರೋ ಮಿಡಲ್‌ಟೌನ್ ಲೆಕ್ಕಕ್ಕೆ ನ್ಯೂ ಕ್ಯಾಸಲ್ ಕೌಂಟಿ, ಆದ್ರೆ ಕಾಲುವೆ ಕೆಳಗೆ. 2000ದಲ್ಲಿ 6,161 ಜನ. 2010ಕ್ಕೆ 18,871. 2020ಕ್ಕೆ 23,192. ಅದೇ ಸಮಯಕ್ಕೆ ನ್ಯೂಆರ್ಕ್ 2010ರಲ್ಲಿ 31,454 ಇದ್ದದ್ದು 2020ಕ್ಕೆ 30,601ಕ್ಕೆ ಇಳಿದಿದೆ. ಅಂದ್ರೆ ನ್ಯೂ ಕ್ಯಾಸಲ್ ಬೆಳೆದ ಶೇ. 6ರಲ್ಲೂ ಒಂದು ಪಾಲು ದಕ್ಷಿಣದ್ದೇ. ಕೌಂಟಿ ಅಂಕಿ ಇದನ್ನ ಮುಚ್ಚಿಬಿಡುತ್ತೆ.

ಅಂಕಿಮನೆ
ಒಪ್ಪಿದೆ. ಕೌಂಟಿ ಅನ್ನೋದು ಬಹಳ ದೊಡ್ಡ ಜರಡಿ, ಮೂರೇ ಕೌಂಟಿ ಇರೋ ರಾಜ್ಯದಲ್ಲಂತೂ.

ಕುಡ್ಲದ ಮೀನು
ಅದೇ ಮಾತು ಸಸೆಕ್ಸಿಗೂ ಹೇಳಬೇಕು ಮಾರಾಯ್ರೆ. "ಬೀಚ್ ಊರುಗಳು ಬೆಳೀತಾ ಉಂಟು" ಅಂತ ಎಲ್ಲರೂ ಹೇಳುವುದು. ರಿಹೋಬತ್ ಬೀಚ್ ಊರು 2010ರಲ್ಲಿ 1,327 ಜನ, 2020ರಲ್ಲಿ 1,108. ಇಳಿದದ್ದು! ಜುಲೈ ತಿಂಗಳಲ್ಲಿ ಅಲ್ಲಿ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇಲ್ಲ, ಆದ್ರೆ ಗಣತಿ ಏಪ್ರಿಲ್ 1ರ ಲೆಕ್ಕ, ಅದೂ ಹೆಚ್ಚು ಕಾಲ ಎಲ್ಲಿ ಇರ್ತೀರಿ ಅನ್ನುವ ಲೆಕ್ಕ. ಬೇಸಿಗೆ ಮನೆ ಇಟ್ಟವರು ಅದರಲ್ಲಿ ಬರುವುದಿಲ್ಲ.

ಬೆಳೆದದ್ದು ಸಮುದ್ರದಿಂದ ಸ್ವಲ್ಪ ಒಳಗೆ. ಮಿಲ್ಸ್‌ಬರೊ ನೋಡಿ, 3,877 ಇದ್ದದ್ದು 6,863. ಮತ್ತೆ ಯಾವ ಊರಿನ ಆಡಳಿತಕ್ಕೂ ಸೇರದ ಹೊಲಗಳಲ್ಲಿ ಎದ್ದ ಬಡಾವಣೆಗಳು. ಮೊನ್ನೆ ಮೊನ್ನೆವರೆಗೆ ಸೋಯಾ, ಮೆಕ್ಕೆಜೋಳ ಇದ್ದ ಗದ್ದೆ, ಈಗ ಒಂದೇ ಅಚ್ಚಿನ ಮನೆ ಸಾಲು. ಸಸೆಕ್ಸಿನ ಕೃಷಿ ವಲಯದಲ್ಲೇ ಎಕರೆಗೆ ಎರಡು ಮನೆ ಕಟ್ಟಲಿಕ್ಕೆ ಅವಕಾಶ ಉಂಟು. ಹೆಸರಿಗೆ ಕೃಷಿ ವಲಯ. ನನಗೆ ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಒಮ್ಮೆ ಕಾಂಕ್ರೀಟ್ ಬಿದ್ದ ಗದ್ದೆ ಮತ್ತೆ ಗದ್ದೆ ಆಗುವುದಿಲ್ಲ.

ಬೇರ್ ಭಟ್ರು
ಆ ಗದ್ದೆ ಮಾರಿದ್ದು ರೈತರೇ ಅಲ್ವಾ? ಮಕ್ಕಳು ಕೃಷಿ ಮಾಡಲ್ಲ ಅಂದಾಗ ಅವರು ಇನ್ನೇನು ಮಾಡಬೇಕಿತ್ತು?

ಕುಡ್ಲದ ಮೀನು
ರೈತರನ್ನು ಯಾರು ಬೈದರು? ಎಕರೆಗೆ ಎರಡು ಅಂತ ಬರೆದವರನ್ನು ಕೇಳುವುದು ನಾನು.

ಹಳೇ ಕಡತ
ಸ್ವಲ್ಪ ಹಿಂದಕ್ಕೆ ಹೋಗೋಣ. "ಸಸೆಕ್ಸ್ ಯಾವತ್ತಾದ್ರೂ ದೊಡ್ಡ ಕೌಂಟಿ ಆಗುತ್ತಾ" ಅಂತ ಕೇಳಿದ್ರಿ. ಅದು ಒಮ್ಮೆ ಆಗಿತ್ತು. 1790ರ ಮೊದಲ ಗಣತಿ: ಸಸೆಕ್ಸ್ 20,488, ನ್ಯೂ ಕ್ಯಾಸಲ್ 19,688, ಕೆಂಟ್ 18,920. ಮೂರೂ ಹೆಚ್ಚು ಕಡಿಮೆ ಸಮ. ರಾಜ್ಯ ಪೂರ್ತಿ 59,096. ಭೂಮಿ ಸಸೆಕ್ಸ್‌ದೇ ಜಾಸ್ತಿ, ಆಗಿನ ಜೀವನ ಭೂಮಿಯ ಮೇಲೆ, ಹಾಗಾಗಿ ಜನವೂ ಅಲ್ಲೇ ಜಾಸ್ತಿ.

ಆಮೇಲೆ ಬ್ರಾಂಡಿವೈನ್ ಹೊಳೆಯ ಗಿರಣಿಗಳು, ಡುಪಾಂಟ್ ಸಿಡಿಮದ್ದಿನ ಕಾರ್ಖಾನೆ, ರೈಲು, ಹಡಗು ಕಟ್ಟೆ, ಎಲ್ಲ ಉತ್ತರಕ್ಕೆ ಬಂತು. 1920ಕ್ಕೆ ನ್ಯೂ ಕ್ಯಾಸಲ್ 1,48,239, ಸಸೆಕ್ಸ್ 43,741, ಕೆಂಟ್ 31,023. ರಾಜ್ಯದ ಮೂರರಲ್ಲಿ ಎರಡು ಪಾಲು ಒಂದೇ ಕೌಂಟಿಯಲ್ಲಿ. 1970ಕ್ಕೆ ಶೇ. 70ರ ತನಕ ಹೋಯ್ತು. ಈಗ ಶೇ. 58ರ ಹತ್ತಿರ.

ಇದರಲ್ಲಿ ರಾಜಕೀಯವೂ ಇತ್ತು. 1897ರ ರಾಜ್ಯ ಸಂವಿಧಾನ ಕೆಳಮನೆಯ 35 ಸ್ಥಾನಗಳಲ್ಲಿ ನ್ಯೂ ಕ್ಯಾಸಲ್‌ಗೆ 15, ಕೆಂಟ್‌ಗೆ 10, ಸಸೆಕ್ಸ್‌ಗೆ 10 ಅಂತ ಕಟ್ಟಿಹಾಕಿತ್ತು. ಜನ ಎಷ್ಟೇ ಬದಲಾಗಲಿ ಸ್ಥಾನ ಬದಲಾಗ್ತಿರಲಿಲ್ಲ. ಮೂರನೇ ಎರಡು ಭಾಗ ಜನ ಇದ್ದ ಕೌಂಟಿ ಅರ್ಧಕ್ಕಿಂತ ಕಡಿಮೆ ಸ್ಥಾನ ಇಟ್ಕೊಂಡು ಕೂತಿತ್ತು. 1964ರಲ್ಲಿ ರೋಮನ್ ವಿರುದ್ಧ ಸಿನ್‌ಕಾಕ್ ಅನ್ನೋ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ನಡೆಯಲ್ಲ ಅಂತು. ಈಗ ಕೆಳಮನೆ 41, ಮೇಲ್ಮನೆ 21, ಎಲ್ಲ ಜನಸಂಖ್ಯೆ ಪ್ರಕಾರ. 2020ರ ಗಣತಿ ಆದ ಮೇಲೆ ಅದೇ ನಿಯಮ ತಿರುಗಿ ಬಂತು: ಉತ್ತರದ ಒಂದು ಕೆಳಮನೆ ಕ್ಷೇತ್ರ ಸಸೆಕ್ಸ್‌ಗೆ ಹೋಯ್ತು. ಆಗ ಉತ್ತರಕ್ಕೆ ನ್ಯಾಯ ಕೊಟ್ಟದ್ದು ಈಗ ದಕ್ಷಿಣಕ್ಕೆ ಕೊಡ್ತಿದೆ. ಅದು ಸರಿಯಾಗೇ ಇದೆ.

ಡೋವರ್ ಗೌಡ
1790ರಲ್ಲೂ ಕೆಂಟ್ ಮೂರನೇದು. ಇರಲಿ.

ಹಾಸನದ ಹುಡುಗಿ
ನಾನು ವಿಲ್ಮಿಂಗ್ಟನ್ ಊರೊಳಗೇ ಇರೋದು. ನಮ್ಮ ಕನ್ನಡದವರು ಯಾರೂ ಊರೊಳಗೆ ಮನೆ ಮಾಡಲ್ಲ. ಹಾಕೆಸಿನ್, ಬೇರ್, ನ್ಯೂಆರ್ಕ್, ಮಿಡಲ್‌ಟೌನ್ ಅಷ್ಟೇ. 1940ರಲ್ಲಿ ವಿಲ್ಮಿಂಗ್ಟನ್‌ನಲ್ಲಿ 1,12,504 ಜನ. 1980ಕ್ಕೆ 70,195. 2010ರಲ್ಲಿ 70,851, 2020ರಲ್ಲಿ 70,898. ಹತ್ತು ವರ್ಷಕ್ಕೆ 47 ಜನ ಜಾಸ್ತಿ!

ಕೌಂಟಿ ಬೆಳೀತಾ ಇದ್ದಾಗಲೇ ಅದರ ಮುಖ್ಯ ಪಟ್ಟಣ ಖಾಲಿ ಆಯ್ತು. 1950ರಿಂದ 1960ಕ್ಕೆ ನ್ಯೂ ಕ್ಯಾಸಲ್ ಕೌಂಟಿ ಶೇ. 40 ಬೆಳೆದಿದೆ, ಅದೇ ದಶಕದಲ್ಲಿ ವಿಲ್ಮಿಂಗ್ಟನ್ 1,10,356ರಿಂದ 95,827ಕ್ಕೆ ಇಳಿದಿದೆ. ಐ-95 ಹೆದ್ದಾರಿಯನ್ನ ಊರ ಮಧ್ಯದಿಂದಲೇ ಕೊರೆದ್ರು, ಮನೆಗಳ ಸಾಲು ಸಾಲೇ ಹೋಯ್ತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ ಎದ್ದ 1968ರ ಗಲಭೆ ಆದ ಮೇಲೆ ನ್ಯಾಷನಲ್ ಗಾರ್ಡ್ (ರಾಜ್ಯದ ಮೀಸಲು ಸೇನೆ) ಒಂಬತ್ತು ತಿಂಗಳು ಬೀದಿಯಲ್ಲಿತ್ತು. ದುಡ್ಡಿದ್ದ ಬಿಳಿಯರು ಹೊರಗೆ ಹೋದ್ರು, ಉಳಿದವರು ಬಹುಪಾಲು ಕಪ್ಪು ಜನ. ಇವತ್ತು "ಉತ್ತರ ನಿಂತುಹೋಗಿದೆ" ಅಂತ ಹೇಳೋವಾಗ ಅದೇ ಉತ್ತರದಲ್ಲಿ ಒಂದು ಊರು ಹೀಗೆ ಖಾಲಿಯಾಗಿದ್ದನ್ನ ಮರೀಬಾರದು. ಇಲ್ಲಿ ಮನೆಗೆ ಜಾಗ ಇದೆ. ನೀರಿನ ಪೈಪು, ಬಸ್ಸು, ರೈಲು ಎಲ್ಲ ಇದೆ. ಆದ್ರೂ ನಾವು ಸಸೆಕ್ಸ್‌ನ ಗದ್ದೆ ಮುಚ್ಚಿ ಮನೆ ಕಟ್ತೀವಿ.

ನ್ಯೂಆರ್ಕ್ ವಾಸಿ
ಬ್ಯಾಂಕುಗಳು ಬಂದದ್ರಿಂದ ವಿಲ್ಮಿಂಗ್ಟನ್ ಚೇತರಿಸ್ಕೊಳ್ತು ಅಂತಾರಲ್ಲ?

ಹಾಸನದ ಹುಡುಗಿ
ಹೊರಗಿನ ಬ್ಯಾಂಕುಗಳನ್ನ ಸೆಳೆಯೋಕೆ ರಾಜ್ಯ ಮಾಡಿದ 1981ರ ಕಾನೂನು ಬಂದ ಮೇಲೆ ಕ್ರೆಡಿಟ್ ಕಾರ್ಡ್ ಬ್ಯಾಂಕುಗಳು ಬಂದ್ವು, ಹೌದು. ಕೆಲಸ ಊರೊಳಗೆ ಬಂತು, ಕೆಲಸದವರು ಹೊರಗೇ ಉಳಿದ್ರು. ನಿಮ್ಮನ್ನೂ ಸೇರಿಸಿ. ತಪ್ಪು ತಿಳೀಬೇಡಿ.

ಮೈಸೂರು ಮೇಷ್ಟ್ರು
ವಿಷಯಾಂತರ ಅಂತ ಬೈಯಬೇಡಿ. ನಮ್ಮೂರಿನ ಅಳತೆಗೆ ಇಟ್ಟು ನೋಡಿದೆ. 2011ರ ಗಣತಿಯಲ್ಲಿ ಕೊಡಗು ಜಿಲ್ಲೆ 5,54,519. ನ್ಯೂ ಕ್ಯಾಸಲ್ ಕೌಂಟಿ 5,70,719. ಹೆಚ್ಚು ಕಡಿಮೆ ಒಂದೇ. ಡೆಲವೇರ್ ರಾಜ್ಯ ಪೂರ್ತಿ ಸೇರಿದ್ರೂ ಚಿಕ್ಕಮಗಳೂರು ಜಿಲ್ಲೆಯ 11,37,961ಕ್ಕಿಂತ ಕಡಿಮೆ. ಆ ದಶಕದಲ್ಲಿ ಕೊಡಗು ಬೆಳೆದದ್ದು ಶೇ. 1.09, ಚಿಕ್ಕಮಗಳೂರು ಇಳಿದಿತ್ತು. ಬೆಂಗಳೂರು ನಗರ ಜಿಲ್ಲೆ ಶೇ. 47! ಅಲ್ಲಿ ವಯಸ್ಸಿನವರು ಕೆಲಸ ಹುಡುಕ್ಕೊಂಡು ಬೆಟ್ಟ ಇಳಿದು ಬೆಂಗಳೂರಿಗೆ ಹೋದ್ರು. ಇಲ್ಲಿ ಕೆಲಸ ಮುಗಿಸಿದವರು ನಗರ ಬಿಟ್ಟು ಕಡಲ ಕಡೆ ಬರ್ತಿದಾರೆ. ಬೆಳವಣಿಗೆ ಎರಡು ಕಡೆಯೂ ವಲಸೆಯದ್ದೇ, ವಲಸೆ ಬರೋರ ವಯಸ್ಸು ಬೇರೆ.

ಬೇರ್ ಭಟ್ರು
ಮೇಷ್ಟ್ರೆ, 2011ರ ಅಂಕಿ ಇನ್ನೂ ಎಷ್ಟು ದಿನ ಹೇಳ್ತೀರಿ.

ಮೈಸೂರು ಮೇಷ್ಟ್ರು
2021ರ ಗಣತಿ ಆಗಲೇ ಇಲ್ವಲ್ಲ ಭಟ್ರೆ. ಮುಂದಿನದಕ್ಕೆ 2027ರ ಮಾರ್ಚ್ 1ರ ದಿನ ಇಟ್ಟಿದಾರೆ. ಅಲ್ಲಿತನಕ ಇದೇ ಗತಿ.

ಅಂಕಿಮನೆ
ಸಣ್ಣ ರಾಜ್ಯಗಳ ಕೌಂಟಿ ವಿಷಯ ಬಂದದ್ರಿಂದ ಹೇಳ್ತೀನಿ: ರೋಡ್ ಐಲೆಂಡ್‌ನಲ್ಲಿ ಐದು ಕೌಂಟಿ ಇದೆ, ಆದ್ರೆ ಕೌಂಟಿ ಸರ್ಕಾರವೇ ಇಲ್ಲ, ನಕ್ಷೆ ಮೇಲೆ ಗೆರೆ ಅಷ್ಟೇ. ಕನೆಕ್ಟಿಕಟ್ 1960ರಲ್ಲೇ ಕೌಂಟಿ ಸರ್ಕಾರ ತೆಗೆದುಹಾಕಿತು. 2022ರಿಂದ ಗಣತಿ ಇಲಾಖೆಯೂ ಅಲ್ಲಿನ ಎಂಟು ಕೌಂಟಿ ಬಿಟ್ಟು ಒಂಬತ್ತು ಯೋಜನಾ ಪ್ರದೇಶದ ಲೆಕ್ಕ ಕೊಡ್ತಿದೆ. ಹಾಗಾಗಿ ಅಲ್ಲಿ ಹಳೇ ಅಂಕಿಗೂ ಹೊಸ ಅಂಕಿಗೂ ನೇರ ಹೋಲಿಕೆ ಕಷ್ಟ. ನಮ್ಮ ಪುಣ್ಯ, 1790ರಿಂದ ಅದೇ ಮೂರು ಕೌಂಟಿ.

ಮತ್ತೆ ಹವಾಯಿಯ ಕಲವಾವೊ ಕೌಂಟಿ, 2020ರಲ್ಲಿ 82 ಜನ. ಅಲ್ಲಿ ಇಬ್ಬರು ಬಂದ್ರೆ ಶೇ. 2.4 ಬೆಳವಣಿಗೆ. ಶೇಕಡಾ ನೋಡಿ ಹೆದರೋರಿಗೆ ಇದೊಂದು ಉದಾಹರಣೆ ಸಾಕು.

ಕಾಲುವೆ ಆಚೆ
ಮತ್ತೆ ಮೂಲ ಪ್ರಶ್ನೆ: ಸಸೆಕ್ಸ್ ದಾಟುತ್ತಾ ಇಲ್ವಾ? ಯಾರೂ ಉತ್ತರ ಕೊಟ್ಟಿಲ್ಲ.

ಅಂಕಿಮನೆ
ಎರಡು ರೀತಿ ಲೆಕ್ಕ ಹಾಕಿದೆ, ನೋಡಿ.

ಒಂದು: 2010–20ರಲ್ಲಿ ಎಷ್ಟು *ಜನ* ಸೇರಿದ್ರೋ ಪ್ರತಿ ದಶಕವೂ ಅಷ್ಟೇ ಸೇರ್ತಾರೆ ಅಂದ್ಕೊಳ್ಳಿ. ನ್ಯೂ ಕ್ಯಾಸಲ್‌ಗೂ ಸಸೆಕ್ಸ್‌ಗೂ ಇರೋ ಅಂತರ 3,33,341. ಸಸೆಕ್ಸ್ ದಶಕಕ್ಕೆ 7,993 ಜನ ಹತ್ತಿರ ಬರುತ್ತೆ. ಸಮ ಆಗೋಕೆ 400 ವರ್ಷಕ್ಕೂ ಮೇಲೆ ಬೇಕು.

ಇನ್ನೊಂದು: ಎಷ್ಟು *ಶೇಕಡಾ* ಬೆಳೀತೋ ಪ್ರತಿ ದಶಕವೂ ಅಷ್ಟೇ ಅಂದ್ಕೊಳ್ಳಿ. ಆಗ ಸುಮಾರು 69 ವರ್ಷ. 2090ರ ಹತ್ತಿರ.

ಅಂಕಿ ಒಂದೇ, ಉತ್ತರ ಎರಡು: 400 ಅಥವಾ 69. ನಾನು ಮೊದಲು ಹೇಳಿದ ಹಾಗೆ ಸಸೆಕ್ಸ್ ಮೂವತ್ತು ವರ್ಷದಿಂದ ಶೇಕಡಾದಲ್ಲಿ ಇಳೀತಾ, ಜನರ ಲೆಕ್ಕದಲ್ಲಿ ಸಮವಾಗಿ ನಡೆದಿದೆ. ಹಾಗಾಗಿ ಮೊದಲನೇ ಲೆಕ್ಕವೇ ಇತಿಹಾಸಕ್ಕೆ ಹತ್ತಿರ.

ಬೇರ್ ಭಟ್ರು
ನ್ಯೂ ಕ್ಯಾಸಲ್‌ಗೆ 32 ಸಾವಿರ ಸೇರೋದು ಮುಂದುವರಿಯುತ್ತೆ ಅಂತ ಯಾರು ಹೇಳಿದ್ದು? 58, 38, 32 ಅಂತ ನೀವೇ ಕೊಟ್ರಿ. ಮುಂದಿನದು 20 ಆದ್ರೆ? ಸಸೆಕ್ಸ್ 60 ಆದ್ರೆ? ನಿಮ್ಮ 400 ವರ್ಷ ಒಂದೇ ಏಟಿಗೆ ನೂರರೊಳಗೆ ಬರುತ್ತೆ.

ಅಂಕಿಮನೆ
60 ಆಗಲಿ, ಆಮೇಲೆ ಮಾತಾಡೋಣ. ಅಲ್ಲಿ ಹುಟ್ಟಿಗಿಂತ ಸಾವು ಹೆಚ್ಚು ಅಂತ ಅಕ್ಕ ಹೇಳಿದ್ರಲ್ಲ. ಈಗ ಬಂದವರಿಗೆ 65, ಮುಂದಿನ ಇಪ್ಪತ್ತು ವರ್ಷಕ್ಕೆ 85. ಬರೋರು ಪ್ರತಿ ವರ್ಷ ಹೆಚ್ಚಾಗ್ತಾ ಹೋದ್ರೆ ಮಾತ್ರ ಈ ವೇಗ ಉಳಿಯುತ್ತೆ.

ಧಾರವಾಡದಾಕಿ
ಒಂದು ಮಾತು ಸೇರಸ್ತೀನಿ. ಸಸೆಕ್ಸ್ ಅಂದ್ರ ಬರೇ ಮುದುಕರಲ್ಲ. ಜಾರ್ಜ್‌ಟೌನ್, ಸೀಫರ್ಡ್ ಕಡೆ ಬರ್ರಿ. ಕೋಳಿ ಕಾರ್ಖಾನಿಯೊಳಗ ಕೆಲಸ ಮಾಡೂ ಗ್ವಾಟೆಮಾಲಾ ಮಂದಿ, ಹೈಟಿ ಮಂದಿ, ಅವರ ಸಣ್ಣ ಸಣ್ಣ ಮಕ್ಕಳು. ಮಾಂಸದ ಕೋಳಿ ಸಾಕೂ ಉದ್ದಿಮಿ ಶುರು ಆದದ್ದ ಇದ ಕೌಂಟಿಯೊಳಗ, 1923ರಾಗ ಓಶನ್ ವ್ಯೂ ಊರಿನ ಸೆಸಿಲ್ ಸ್ಟೀಲ್ ಅನ್ನೂ ಹೆಣ್ಣಮಗಳು 50 ಮರಿ ಕೇಳಿದ್ರ 500 ಬಂದ್ವು, ಅವನ್ನ ಬೆಳಸಿ ಮಾಂಸಕ್ಕ ಮಾರಿದಳು. ಇವತ್ತು ಆ ಉದ್ದಿಮಿ ನಡಸೂ ಕೈ ಈ ವಲಸಿ ಮಂದೀವು. ಪೂರ್ವಕ್ಕ ನಿವೃತ್ತರ ಬಡಾವಣಿ, ಪಶ್ಚಿಮಕ್ಕ ದುಡಿಯೂ ಮಂದಿ. ಕೌಂಟಿ ಒಂದ, ಊರು ಎರಡು. ಸಾಲಿ ಬೇಕಾಗಿರೂದು ಇವರಿಗೆ, ಈ ರಾಜ್ಯದಾಗ ಸಾಲಿ ತೆರಿಗಿ ಏರಸಬೇಕಂದ್ರ ಊರ ಮಂದಿ ಓಟು ಹಾಕಿ ಒಪ್ಪಬೇಕು. ಮಕ್ಕಳಿಲ್ಲದ ಮನಿಯವರು ಒಪ್ಪತಾರೇನು, ನೀವ ಹೇಳ್ರಿ.

ಕುಡ್ಲದ ಮೀನು
ಒಪ್ಪುವವರೂ ಇದ್ದಾರೆ ಅಕ್ಕ. ನಮ್ಮ ಬೀದಿಯ ನಿವೃತ್ತ ಟೀಚರುಗಳು ಮನೆ ಮನೆಗೆ ಹೋಗಿ ಕೇಳಿದ್ದಾರೆ. ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸಬೇಡಿ.

ಧಾರವಾಡದಾಕಿ
ಅದೂ ಖರೇ. ಅಂಥವರು ಇನ್ನೂ ಬೇಕು.

ಹಳೇ ಕಡತ
ನಿವೃತ್ತರು ಯಾಕೆ ಬರ್ತಾರೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಮಾರಾಟ ತೆರಿಗೆ ಇಲ್ಲ. ಸೋಶಿಯಲ್ ಸೆಕ್ಯುರಿಟಿಗೆ (ಕೇಂದ್ರ ಸರ್ಕಾರ ಕೊಡೋ ನಿವೃತ್ತಿ ವೇತನ) ರಾಜ್ಯ ತೆರಿಗೆ ಇಲ್ಲ. 60 ದಾಟಿದವರ ಪಿಂಚಣಿಯಲ್ಲಿ 12,500 ಡಾಲರ್ ತನಕ ವಿನಾಯಿತಿ. ಮೇಲಾಗಿ ಮನೆ ತೆರಿಗೆ ತೀರಾ ಕಡಿಮೆ. ಸಸೆಕ್ಸ್‌ನ ಮನೆ ಬೆಲೆಯನ್ನ ತೆರಿಗೆಗಾಗಿ ಕಟ್ಟಿದ್ದು 1974ರಲ್ಲಿ, ಕೆಂಟ್ 1987, ನ್ಯೂ ಕ್ಯಾಸಲ್ 1983. ಶಾಲೆಗಳಿಗೆ ದುಡ್ಡು ಸಾಲದು ಅಂತ ಕೋರ್ಟಿಗೆ ಹೋದ ಮೇಲೆ 2020ರಲ್ಲಿ ತೀರ್ಪು ಬಂತು, ಈಗ ಮೂರೂ ಕೌಂಟಿ ಹೊಸದಾಗಿ ಬೆಲೆ ಕಟ್ಟಿದಾವೆ. ಹಾಗಿದ್ರೂ ನ್ಯೂಜೆರ್ಸಿಯ ಮನೆ ತೆರಿಗೆ ಕಟ್ಟಿ ಬಂದವರಿಗೆ ಇದು ಅಗ್ಗವೇ. ಹಾಗಾಗಿ ಬರೋರು ನಿಲ್ಲಲ್ಲ.

ಕಾಲುವೆ ಆಚೆ
ಮನೆ ಕಟ್ಟೋಕೆ ಅನುಮತಿ ಕೊಡೋದು ಕೌಂಟಿ, ರಸ್ತೆ ಮಾಡಬೇಕಾದ್ದು ರಾಜ್ಯ. ಡೆಲವೇರ್‌ನಲ್ಲಿ ಹತ್ತಿರ ಹತ್ತಿರ ಎಲ್ಲ ರಸ್ತೆಯೂ ರಾಜ್ಯದ್ದೇ. ಸಸೆಕ್ಸ್‌ಗೆ ಸ್ವಂತ ಪೊಲೀಸರೂ ಇಲ್ಲ, ರಾಜ್ಯ ಪೊಲೀಸರಿಗೆ ಕೌಂಟಿ ದುಡ್ಡು ಕೊಟ್ಟು ಹೆಚ್ಚು ಜನ ಹಾಕಿಸ್ಕೊಳ್ಳುತ್ತೆ. ಒಬ್ಬರು ಮನೆಗೆ ಹೂಂ ಅಂತಾರೆ, ಇನ್ನೊಬ್ಬರು ದಾರಿ ಮಾಡಬೇಕು. ಜುಲೈನಲ್ಲಿ ಲೂಯಿಸ್ ಹತ್ತಿರ ರೂಟ್ 1 ಮೇಲೆ ಗಾಡಿ ನಿಲ್ಲೋದು ಇದಕ್ಕೇ.

ಹಾಸನದ ಹುಡುಗಿ
ಇನ್ನೊಂದು ವಿಷಯ ಎಲ್ಲರಿಗೂ ಸಂಬಂಧಪಟ್ಟದ್ದು. ಅಂದಾಜು ಪ್ರಕಾರ ರಾಜ್ಯ ಈಗ ಹತ್ತು ಲಕ್ಷ ದಾಟಿದೆ, ಆದ್ರೂ ವಾಷಿಂಗ್ಟನ್‌ನ ಕೆಳಮನೆಯಲ್ಲಿ ನಮಗೆ ಒಬ್ಬರೇ ಪ್ರತಿನಿಧಿ. 2020ರ ಗಣತಿ ಆದ ಮೇಲೆ ಮೊಂಟಾನಾಕ್ಕೆ ಎರಡನೇ ಸ್ಥಾನ ಸಿಕ್ತು, ಅಲ್ಲಿಗೆ ದೇಶದಲ್ಲೇ ಅತಿ ಹೆಚ್ಚು ಜನ ಇರೋ ಕ್ಷೇತ್ರ ನಮ್ಮದಾಯ್ತು. ರೋಡ್ ಐಲೆಂಡ್ 10,97,379 ಜನಕ್ಕೆ ಇಬ್ಬರು. ಮೂರು ಕೌಂಟಿ ಒಳಗೊಳಗೆ ಜಗಳ ಆಡೋದು ಬಿಟ್ಟು ಇದನ್ನೂ ಯೋಚಿಸಿ.

ಡೋವರ್ ಗೌಡ
ಇದು ಮಾತು. 2030ಕ್ಕೆ ಎರಡನೇ ಸ್ಥಾನ ಬರುತ್ತಾ?

ಅಂಕಿಮನೆ
ಅದು ನಮ್ಮ ಕೈಲಿಲ್ಲ. ಬೇರೆ ರಾಜ್ಯಗಳು ಎಷ್ಟು ಬೆಳೀತಾವೆ ಅನ್ನೋದರ ಮೇಲೆ ನಿಂತಿದೆ.

ನ್ಯೂಆರ್ಕ್ ವಾಸಿ
ಎಲ್ರಿಗೂ ಧನ್ಯವಾದ. ಇದನ್ನೆಲ್ಲ ನಮ್ಮನೆಯವರಿಗೆ ಓದಿಸಿದೆ. ಬಾಡಿಗೆ ಮನೆ ಬಗ್ಗೆ ಒಂದು ಮಾತು ಹೇಳಿ: ಅಲ್ಲಿ ಖಾಯಂ ಬಾಡಿಗೆಗೆ ಯಾರು ಬರ್ತಾರೆ?

ಧಾರವಾಡದಾಕಿ
ನಿವೃತ್ತರು ಕೊಂಡ್ಕೊಂಡ ಬರ್ತಾರ, ಬಾಡಿಗಿಗೆ ಬರೂದು ಕಡಿಮಿ. ಬಾಡಿಗಿ ಮನಿ ಬೇಕಾಗಿರೂದು ನಮ್ಮಂಥ ಆಸ್ಪತ್ರಿ ಮಂದಿಗೆ, ಟೀಚರಿಗೆ, ಹೋಟೆಲ್ ಕೆಲಸದವರಿಗೆ. ಅವರಿಗೆ ಲೂಯಿಸ್‌ನ ಬಾಡಿಗಿ ಕೈಗೆ ಎಟಕೂದಿಲ್ಲ, ಅದಕ್ಕ ಮಿಲ್‌ಫರ್ಡ್, ಜಾರ್ಜ್‌ಟೌನ್‌ದಿಂದ ದಿನಾ ಓಡಾಡ್ತಾರ. ನೀವು ಬೇಸಗಿ ಬಾಡಿಗಿ ಆಸೆಗೆ ಕೊಳ್ಳೂದಾದ್ರ ನಿಮ್ಮಿಷ್ಟ. ವರ್ಷಪೂರ್ತಿ ಒಬ್ಬ ನರ್ಸಿಗೆ ಕೊಡೂ ಮನಸ್ಸಿದ್ರ ನನಗ ತಿಳಿಸ್ರಿ, ನಮ್ಮ ವಾರ್ಡಿನ್ಯಾಗ ಇಬ್ಬರು ಹುಡುಕಾಕತ್ತಾರ.